ಪಿಟೀಲಿನವನನ್ನು ಓಡಿಸಲು ಚಂದಾ ಕೊಟ್ಟ ಕಾಕಾ

ಮುನ್ನೂರ ಅರವತ್ತು ಡಾಲರ್. ಟೀವಿಯಲ್ಲಿ ಬರುವ ಒಬ್ಬ ಪಿಟೀಲಿನವನ ಸಿ.ಡಿ.ಗಳ ಡಬ್ಬಿಯೊಂದಕ್ಕೆ ನಾನು ತೆತ್ತ ಬೆಲೆ ಇದು. ಆ ಡಬ್ಬಿಯ ಮೇಲಿನ ಪ್ಲಾಸ್ಟಿಕ್ಕನ್ನೂ ನಾನು ಬಿಚ್ಚಿಲ್ಲ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ, ಹರಾಜು ಕೂಗುವ ಗದ್ದಲದ ನಡುವೆ ಬೆಳೆದವಳು ನಾನು. ಅಮೆರಿಕಕ್ಕೆ ಬಂದು ಮೊದಲು ಇನ್ನೊಬ್ಬರ ಗೋದಾಮಿನಲ್ಲಿ ಅಕ್ಕಿ ಮೂಟೆ ಜೋಡಿಸಿದೆ, ಆಮೇಲೆ ಸನ್ನಿವೇಲ್‌ನಲ್ಲಿ ನನ್ನದೇ ಗ್ರೋಸರಿ ಹಾಕಿದೆ. ಹೇಳಿದ ಬೆಲೆಗೆ ಯಾವುದನ್ನೂ ಕೊಂಡವಳಲ್ಲ. ಹಲ್ಲಿನ ಡಾಕ್ಟರ ಬಿಲ್ಲನ್ನೂ ಚೌಕಾಸಿ ಮಾಡಿ ಇಳಿಸಿದ್ದೇನೆ. ಕೇಳಿದರೆ ಇಳಿಸುತ್ತಾರೆ, ನೀವೂ ಕೇಳಿ ನೋಡಿ.

ಅಂಥ ನಾನು ಅಷ್ಟು ದುಡ್ಡು ಬಿಚ್ಚಿದ್ದಕ್ಕೆ ಕಾರಣ ಒಬ್ಬ ಮುದುಕರು. ಅವರ ಹೆಂಡತಿ ತಮ್ಮ ಮನೆಯಲ್ಲೇ ಉಳಿಯಬೇಕೋ, ನಂಬರು ಒತ್ತದೆ ಬಾಗಿಲು ತೆರೆಯದ ಹೋಮಿಗೆ ಹೋಗಬೇಕೋ ಎನ್ನುವುದು ಆ ಪಿಟೀಲಿನವನ ಮೇಲೆ ನಿಂತಿತ್ತು. ನಗಬೇಡಿ. ಮೊದಲು ನಾನೂ ನಕ್ಕಿದ್ದೆ.

ಆ ಮುದುಕರು ಈ ಏಪ್ರಿಲಿನಲ್ಲಿ ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ನಾಲ್ಕು ಜನರ ಬಾಯಿಗೆ ಬೀಳುವುದು ಅವರಿಗೆ ಆಗದ ವಿಷಯ. ಬಿಲ್ಲು ಮಾಡುವಾಗ ಫೋನ್ ನಂಬರು ಕೇಳಿದರೆ "ಯಾಕ ಬೇಕು?" ಅನ್ನುತ್ತಿದ್ದರು. ಗದಗ ಕಡೆಯವರು, ವಿದ್ಯುತ್ ಇಲಾಖೆಯಲ್ಲಿ ಮೀಟರ್ ತಪಾಸಣೆಯ ಕೆಲಸ ಮಾಡಿ ನಿವೃತ್ತರಾದವರು. ಜೀವಮಾನವೆಲ್ಲ ಮನೆಮನೆ ಹೊಕ್ಕು, ಯಾರು ಮೀಟರಿಗೆ ಕೈ ಹಾಕಿದ್ದಾರೆ, ಯಾರು ಕಂಬದಿಂದ ನೇರವಾಗಿ ತಂತಿ ಎಳೆದಿದ್ದಾರೆ ಎಂದು ಹುಡುಕಿದ ಮನುಷ್ಯ. ಮೊದಲ ಸಲ ನನ್ನ ಅಂಗಡಿಗೆ ಬಂದಾಗ ಮಾತಾಡುವ ಮೊದಲೇ ನನ್ನ ತಕ್ಕಡಿ ಯಂತ್ರವನ್ನು ಎತ್ತಿ ಅದರ ಕೆಳಗೆ ನೋಡಿದ್ದರು.

"ಏನ್ ಅಂಕಲ್, ಏನಾದ್ರೂ ಬಿದ್ದುಹೋಯ್ತಾ?" ಎಂದೆ.

"ಅಂಕಲ್ ಅನಬ್ಯಾಡ ತಂಗಿ, ಕಾಕಾ ಅನ್ನು. ಏನೂ ಬಿದ್ದಿಲ್ಲ. ರೂಢಿ."

ನನಗೆ ಸಿಟ್ಟು ಬಂದಿತ್ತು. ಆದರೆ ತಕ್ಕಡಿಯ ಕೆಳಗೆ ನೋಡುವ ಗಿರಾಕಿ ಸಾಲ ಹೇಳುವುದಿಲ್ಲ ಎನ್ನುವುದು ನನ್ನ ಅನುಭವ. ಹಾಗಾಗಿ ಸುಮ್ಮನಿದ್ದೆ.

ಅವರ ಬಗ್ಗೆ ನನಗೆ ನಿಜವಾದ ಅನುಮಾನ ಶುರುವಾದದ್ದು ಚೀಲಗಳಿಂದ. ಒಂದು ಶನಿವಾರ ಅವರು ತೋಳಿನ ತುಂಬ ಕ್ಯಾನ್ವಾಸ್ ಚೀಲ ನೇತುಹಾಕಿಕೊಂಡು ಬಂದರು. ಎಲ್ಲವೂ ಹೊಸವು, ಎಲ್ಲದರ ಮೇಲೂ ಒಂದೇ ಟೀವಿ ಚಾನೆಲ್ಲಿನ ಗುರುತು. ಒಂದರೊಳಗೆ ಅದೇ ಗುರುತಿನ ಕಾಫಿ ಮಗ್ಗುಗಳು, ಇನ್ನೊಂದರಲ್ಲಿ ಛತ್ರಿಗಳು.

"ತಂಗಿ, ಇವನ್ನ ತಗೊಂಡು ಜ್ವಾಳದ ಹಿಟ್ಟು ಕೊಡ್ತಿಯೇನು?"

ಒಂದೇ ತರದ ಮಾಲು ಒಬ್ಬರ ಕೈಯಲ್ಲಿ ಅಷ್ಟೊಂದು ಇದ್ದರೆ, ಇದು ಯಾರ ಲಾರಿಯಿಂದ ಇಳಿದದ್ದು ಎಂದು ಅಂಗಡಿಯವರು ಯೋಚಿಸಲೇಬೇಕು. "ಎಲ್ಲಿಂದ ಬಂತು ಕಾಕಾ?" ಎಂದೆ.

"ಟೀವಿಯವರು ಕಳಿಸ್ಯಾರ."

"ಸುಮ್‌ಸುಮ್ನೆ ಯಾಕೆ ಕಳಿಸ್ತಾರೆ?"

"ಸುಮ್ನ ಎಲ್ಲೆ ಕಳಸ್ತಾರ? ನಾ ರೊಕ್ಕ ಕೊಟ್ಟೇನಿ."

ಈ ಚಾನೆಲ್ಲಿನ ವ್ಯವಸ್ಥೆಯನ್ನು ಇಲ್ಲಿ ಹೇಳಿಬಿಡುತ್ತೇನೆ. ಇದು ಜಾಹೀರಾತಿನಿಂದ ನಡೆಯುವ ಚಾನೆಲ್ ಅಲ್ಲ, ಬಹುಪಾಲು ನೋಡುಗರ ಚಂದಾದಿಂದ ನಡೆಯುತ್ತದೆ. ವರ್ಷದಲ್ಲಿ ಕೆಲವು ಸಲ, ವಾರಗಟ್ಟಲೆ, ಚಂದಾ ಕೇಳುವ ಡ್ರೈವು ಇರುತ್ತದೆ. ಆಗ ಮಾಮೂಲಿನ ಕಾರ್ಯಕ್ರಮಗಳನ್ನೆಲ್ಲ ಎತ್ತಿಟ್ಟು ಸಂಗೀತಗಾರರನ್ನು ತಂದು ಕೂರಿಸುತ್ತಾರೆ. ಅರ್ಧ ಹಾಡು ಆಗುತ್ತಲೇ ಸೂಟು ಹಾಕಿದವನೊಬ್ಬ ಬಂದು ಫೋನ್ ಮಾಡಿ ಎನ್ನುತ್ತಾನೆ. ಅವನ ಹಿಂದೆ ಸಾಲಾಗಿ ಕೂತ ಜನ ಫೋನ್ ಎತ್ತುತ್ತಿರುತ್ತಾರೆ. ಇಷ್ಟು ಕೊಟ್ಟರೆ ಚೀಲ, ಅಷ್ಟು ಕೊಟ್ಟರೆ ಛತ್ರಿ, ಇನ್ನೂ ಮೇಲೆ ಹೋದರೆ ಸಿ.ಡಿ.

ಚೀಲಗಳನ್ನು ನಾನು ತೆಗೆದುಕೊಂಡೆ. ಹಿಟ್ಟು ಸಣ್ಣ ಪ್ಯಾಕೆಟ್ಟೇ ಕೊಟ್ಟೆ ಅನ್ನಿ. ಛತ್ರಿ ಬೇಡವೆಂದೆ, ಈ ಊರಿನಲ್ಲಿ ಮಳೆ ಎಲ್ಲಿದೆ.

ಆದರೆ ಲೆಕ್ಕ ಹತ್ತಲಿಲ್ಲ. ಜೋಳದ ಹಿಟ್ಟಿಗೆ ಚೌಕಾಸಿ ಮಾಡುವ ಮನುಷ್ಯ ಟೀವಿಗೆ ಅಷ್ಟು ಚಂದಾ ಯಾಕೆ ಕೊಡುತ್ತಾರೆ? ಸಂಗೀತದ ಹುಚ್ಚಿರಬಹುದು ಎಂದುಕೊಂಡೆ. ಆ ಊಹೆ ಮುಂದಿನ ವಾರವೇ ಬಿದ್ದುಹೋಯಿತು. ಅಂಗಡಿಯ ಹಿಂಭಾಗದಲ್ಲಿ, ಅಕ್ಕಿ ಮೂಟೆಗಳ ಪಕ್ಕ ನಿಂತು ಅವರು ಫೋನ್ ಮಾಡುತ್ತಿದ್ದರು. ಮನೆಯಿಂದ ಯಾಕೆ ಮಾಡುವುದಿಲ್ಲ ಎಂದು ನನಗೆ ಆಗ ತಿಳಿದಿರಲಿಲ್ಲ. ಆಫೀಸಿನ ಅರ್ಜಿಯಂಥ ಇಂಗ್ಲಿಷು, ಒಂದೊಂದೇ ಪದ ಇಟ್ಟು ಮಾತಾಡುತ್ತಿದ್ದರು. "ಮೇಡಂ, ನಿಮ್ಮ ಪಿಟೀಲಿನವನ ವಾದ್ಯದಿಂದ ಯಾವ ವೈರೂ ಹೊರಗೆ ಹೋಗಿಲ್ಲ. ಹಾಗಿದ್ದರೆ ಶಬ್ದ ಎಲ್ಲಿಂದ ಬರುತ್ತಿದೆ? ದಯವಿಟ್ಟು ಬರೆದುಕೊಳ್ಳಿ. ಎರಡನೆಯದು, ಕೆಂಪು ಶಾಲಿನ ಒಬ್ಬ ಹೆಂಗಸು ಮೂರು ಹಾಡಿನಲ್ಲಿ ಒಂದೇ ಜಾಗದಲ್ಲಿ ಕೂತು ಒಂದೇ ತರ ಅಳುತ್ತಾರೆ. ಅದು ಮೂರು ಸಲದ ಅಳುವೋ, ಒಂದೇ ಅಳುವನ್ನು ಮೂರು ಕಡೆ ಅಂಟಿಸಿದ್ದೋ? ಮೂರನೆಯದು ಹೊಗೆ."

ಅಕ್ಕಿ ಕೊಳ್ಳಲು ಬಂದಿದ್ದ ಮಂಗಳೂರಿನ ಹುಡುಗನೊಬ್ಬ, ಇಲ್ಲೇ ಯಾವುದೋ ಕಂಪನಿಯ ಇಂಜಿನಿಯರು, ನಗು ತಡೆಯಲಾರದೆ, "ಅಂಕಲ್, ಅದು ವಯರ್‌ಲೆಸ್ ಮಾರಾಯ್ರೆ. ಈಗ ಎಲ್ಲ ಹಾಗೆಯೇ," ಎಂದ.

ಕಾಕಾ ಫೋನಿನ ಮೇಲೆ ಕೈ ಮುಚ್ಚಿ ಅವನನ್ನು ಮೇಲಿಂದ ಕೆಳಗೆ ನೋಡಿದರು. "ತಮ್ಮಾ, ನಮ್ಮ ಕಡೆನೂ ವೈರಿಲ್ಲದ ಗಿರಣಿ ನಡಸ್ತಿದ್ರು. ಹಿಡದ ಮ್ಯಾಲ ವೈರು ಸಿಕ್ಕೇ ಸಿಗತಿತ್ತು."

ಡ್ರೈವಿಗೆ ಬರುವ ಎಲ್ಲರಿಗೂ ಅವರು ಒಂದೊಂದು ಹೆಸರಿಟ್ಟಿದ್ದರು. ಒಂದೇ ಬಣ್ಣದ ಕೋಟು ತೊಟ್ಟು ತಮ್ಮ ಹರೆಯದ ಹಾಡು ಹೇಳುವ ಮೂವರು ಮುದುಕರು "ಬ್ಯಾಂಡ್ ಕಂಪನಿ". ಜಲಪಾತದ ಮುಂದೆ ಕಣ್ಣು ಮುಚ್ಚಿ ಕೊಳಲೂದುವವನು "ನಲ್ಲಿ ಬಂದ್ ಮಾಡದಾಂವ". ಪಿಟೀಲಿನವನು ಮಾತ್ರ "ಹೊಗಿಯಪ್ಪ". ಹಳೆಯ ಕೋಟೆಯ ಅಂಗಳ, ಸುತ್ತ ಹೊಗೆ, ಎದೆಯ ಗುಂಡಿ ಬಿಚ್ಚಿದ ಬಿಳಿ ಅಂಗಿ, ಗಾಳಿಗೆ ಹಾರುವ ಕೂದಲು. "ಅಂಗಳದಾಗ ಒಂದು ಎಲಿ ಅಲುಗವಲ್ದು, ಇಂವನ ಕೂದಲಷ್ಟ ಯಾಕ ಹಾರ್ತಾವ? ಅಲ್ಲೆಲ್ಲೋ ಒಂದ್ ಫ್ಯಾನ್ ಇಟ್ಟಾರ ತಂಗಿ, ನನಗ ಗೊತ್ತು." ಉಳಿದವರನ್ನು ಗೇಲಿ ಮಾಡಿ ಬಿಡುತ್ತಿದ್ದರು. ಹೊಗಿಯಪ್ಪನ ಹೆಸರು ಬಂದರೆ ಮಾತ್ರ ಗಂಟಲಿನ ನರ ಎದ್ದು ನಿಲ್ಲುತ್ತಿತ್ತು.

ಇಷ್ಟು ಬೈಯುವವರು ಚಂದಾ ಕೊಡುವುದೇಕೆ? ಕಮಿಷನ್ ಏನಾದರೂ ಇದೆಯೇ ಎಂದು ಒಮ್ಮೆ ಬಾಯಿಬಿಟ್ಟೇ ಕೇಳಿದೆ. ಅವರು ಪಡವಲಕಾಯಿ ಒತ್ತಿ ನೋಡುತ್ತ ನಿಂತರು.

ಉತ್ತರ ಸಿಕ್ಕಿದ್ದು ಅವರ ಮಗಳಿಂದ. ಆಕೆ ಡ್ಯಾನ್‌ವಿಲ್‌ನಲ್ಲಿರುವವಳು, ವಾರಕ್ಕೊಮ್ಮೆ ಅಪ್ಪ ಅಮ್ಮನನ್ನು ನೋಡಲು ಬಂದಾಗ ನನ್ನಲ್ಲಿಗೂ ಬಂದು ಸಾಮಾನು ಒಯ್ಯುತ್ತಿದ್ದಳು. ಅವತ್ತು ಗಾಡಿಗೆ ಸಾಮಾನು ಹಾಕುತ್ತ ಅಲ್ಲೇ ನಿಂತುಬಿಟ್ಟಳು.

"ಆಂಟಿ, ನೀವರ ಅಪ್ಪಗ ಹೇಳ್ರಿ. ಅಮ್ಮ ಮೊನ್ನೆ ಒಬ್ಬಾಕಿನ ರೈಲ್ವೆ ಸ್ಟೇಷನ್ ತನಕ ಹೋಗ್ಯಾಳ. ಪ್ಲಾಟ್‌ಫಾರ್ಮ್ ಎಡ್ಜ್‌ನಾಗ ನಿಂತಿದ್ಲಂತ. ಯಾರೋ ಹಿಡಕೊಂಡು ಪೊಲೀಸರಿಗೆ ಫೋನ್ ಮಾಡ್ಯಾರ. ಮರವು ಇದ್ದವರನ್ನ ನೋಡಿಕೊಳ್ಳೋ ಮೆಮೊರಿ ಕೇರ್ ಹೋಮ್ ನೋಡಿ ಇಟ್ಟೇನಿ, ವೇಟಿಂಗ್ ಲಿಸ್ಟ್‌ನಾಗ ಹೆಸರೂ ಹಚ್ಚೇನಿ. ಇನ್ನೊಂದು ಸಲ ಹಿಂಗಾದ್ರ ನಾ ಅಪ್ಪನ್ನ ಕೇಳಂಗಿಲ್ಲ."

"ಅಮ್ಮ ಯಾಕೆ ಹೊರಗೆ ಹೋದ್ರು?"

"ಡ್ರೈವು ನಡದೈತೆಲ್ಲ," ಎಂದಳು, ನನಗೆಲ್ಲ ತಿಳಿದಿದೆ ಎನ್ನುವಂತೆ.

ತಿಳಿದುಕೊಳ್ಳದೆ ಇರುವ ಜಾಯಮಾನ ನನ್ನದಲ್ಲ. ಮರುದಿನ ಹಿಟ್ಟು ಕೊಡುವ ನೆಪದಲ್ಲಿ, ಸಂಜೆ ನಾಲ್ಕರ ಹೊತ್ತಿಗೆ ಅವರ ಅಪಾರ್ಟ್‌ಮೆಂಟಿಗೆ ಹೋದೆ. ಬಾಗಿಲು ತೆರೆಯುವ ಮೊದಲು ಒಳಗೆ ಕುರ್ಚಿ ಎಳೆದ ಸದ್ದು ಕೇಳಿತು. ಕಾಕಾ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಇಟ್ಟುಕೊಂಡು ಅದರ ಮೇಲೆ ತಾವೇ ಕೂತಿದ್ದವರು, ನನ್ನನ್ನು ಒಳಗೆ ಬಿಟ್ಟು ಮತ್ತೆ ಹಾಗೇ ಕೂತರು. ಹಾಲಿನಲ್ಲಿ ದಪ್ಪ ಬೆನ್ನಿನ ಹಳೆಯ ಟೀವಿ. ಅದರೊಳಗೆ ಹೊಗಿಯಪ್ಪ. ಅದರ ಮುಂದೆ ಕಾಕಾರ ಹೆಂಡತಿ, ನಾನು ಕಾಕು ಎಂದು ಕರೆಯುತ್ತಿದ್ದವರು, ಕೈಯಲ್ಲಿ ಲಟ್ಟಣಿಗೆ ಹಿಡಿದು ನಿಂತಿದ್ದರು.

"ಯಾವನಿಂವ? ಎದಿ ತೆರಕೊಂಡು ನಮ್ಮನಿಯಾಗ ಬಂದು ನಿಂತಾನ," ಎಂದವರು ನನ್ನ ಕಡೆ ತಿರುಗಿ, "ನೀ ಕರಕೊಂಡ ಬಂದೀಯೇನವಾ ಇಂವನ್ನ?" ಎಂದು ಕೇಳಿದರು.

"ಇಲ್ಲ ಕಾಕು."

"ಮತ್ತ ಆಕಿ ಎಲ್ಲೆ? ಆಕಿ ಬರೋ ಹೊತ್ತಿದು. ಇಂವಗ ಅಂಜಿ ಹೊರಗ ನಿಂತಿರಬೇಕು. ನಾ ಕರಕೊಂಡು ಬರ್ತೇನಿ." ಅವರು ಬಾಗಿಲಿನತ್ತ ನಡೆದರು. ಕಾಕಾ ಕುರ್ಚಿಯಿಂದ ಏಳಲಿಲ್ಲ. ಲಟ್ಟಣಿಗೆಯ ಒಂದೆರಡು ಏಟು ಅವರ ಭುಜಕ್ಕೆ ಬಿದ್ದವು. ಅವರು ನನ್ನ ಮುಖ ನೋಡದೆ, "ಹಿಟ್ಟು ಅಲ್ಲಿಡು ತಂಗಿ," ಎಂದರು.

ಆಕೆ ಎಂದರೆ ಕೌದಿ ಹೊಲಿಯುವ ಹೆಂಗಸು. ಆ ಚಾನೆಲ್ಲಿನಲ್ಲಿ ದಿನಾ ಸಂಜೆ ನಾಲ್ಕಕ್ಕೆ ಬಿಳಿ ಕೂದಲಿನ ಅಮೆರಿಕನ್ ಅಜ್ಜಿಯೊಬ್ಬರು ಬಟ್ಟೆ ತುಂಡುಗಳನ್ನು ಜೋಡಿಸಿ ಹೊದಿಕೆ ಹೊಲಿಯುವುದನ್ನು ಕಲಿಸುತ್ತಿದ್ದರು. ನಮ್ಮ ಕಾಕು ಹರೆಯದಿಂದ ಕೌದಿ ಹೊಲಿದವರು. ಮಗಳ ಹೆಸರು ಮರೆತಿದ್ದರು, ಊಟ ಮಾಡಿದ್ದು ಮರೆಯುತ್ತಿದ್ದರು, ಆದರೆ ಅಂಚಿನ ಹೊಲಿಗೆ ಮರೆತಿರಲಿಲ್ಲ. ನಾಲ್ಕಾಯಿತೆಂದರೆ ಮುಖ ತೊಳೆದು, ಸೆರಗು ಸರಿಮಾಡಿಕೊಂಡು, ಟೀವಿಯ ಗುಂಡಿಯನ್ನು ತಾವೇ ಒತ್ತುತ್ತಿದ್ದರು. ಆ ಅಜ್ಜಿ ಇಂಗ್ಲಿಷಿನಲ್ಲಿ, ಇವರು ಕನ್ನಡದಲ್ಲಿ ಮಾತಾಡುತ್ತಿದ್ದರು. ಆ ಅರ್ಧ ಗಂಟೆಯ ಸಮಾಧಾನದಲ್ಲಿ ರಾತ್ರಿಯ ಊಟವೂ ನಿದ್ದೆಯೂ ಸುಸೂತ್ರವಾಗಿ ನಡೆಯುತ್ತಿದ್ದವು. ಹೊಗಿಯಪ್ಪ ಬಂದ ದಿನ ಇಡೀ ರಾತ್ರಿ ಕೆಡುತ್ತಿತ್ತು.

ಮಗಳು ಸುಮ್ಮನೆ ಕೂತಿರಲಿಲ್ಲ. ಹಳೆಯ ಕಂತುಗಳನ್ನು ಟ್ಯಾಬ್ಲೆಟ್ಟಿಗೆ ಹಾಕಿ ಕೊಟ್ಟಿದ್ದಳು. ಕಾಕು ಅದನ್ನು ನೋಡಿ, "ಇಷ್ಟ್ ಸಣ್ಣಾಕಿ ಆಗ್ಯಾಳಲ್ಲ, ಆರಾಮಿಲ್ಲೇನು ಆಕಿಗೆ?" ಎಂದು ಗಾಬರಿಯಾಗಿ ಅತ್ತರಂತೆ. ದೊಡ್ಡ ಹೊಸ ಟೀವಿ ತಂದಿಟ್ಟಾಗ ಅದರ ಮುಂದೆ ಕೂರಲೇ ಇಲ್ಲ. ಆಕೆ ಬರುವುದು ಹಳೆಯ ಟೀವಿಯಿಂದ, ತಾವು ಗುಂಡಿ ಒತ್ತಿದಾಗ, ಅಷ್ಟೇ.

ಕಾಕು ಸುಸ್ತಾಗಿ ಮಲಗಿದ ಮೇಲೆ ನಾನು ಕೇಳಿದೆ. "ಕಾಕಾ, ಇದನ್ನ ಟೀವಿಯವರಿಗೆ ಹೇಳಿದೀರಾ?"

"ಹೇಳಬಾರದು," ಎಂದರು ದನಿ ತಗ್ಗಿಸಿ. "ಈ ದೇಶದಾಗ ಮನಿ ಸುದ್ದಿ ಹೊರಗ ಹೇಳಿದ್ರ ಕೌಂಟಿಯವರು, ಅಂದ್ರ ಜಿಲ್ಲಾ ಸರ್ಕಾರದವರು, ಬರ್ತಾರ. ನಿನಗ ನೋಡಿಕೊಳ್ಳಲಿಕ್ಕೆ ತ್ರಾಣ ಇಲ್ಲ ಅಂತ ಬರಕೊಂಡು ಆಕಿನ್ನ ಕರಕೊಂಡು ಹೋಗ್ತಾರ. ಅದಕ್ಕ ಮನಿಯಾಗಿನ ಗದ್ದಲ ಅವರಿಗೆ ಕೇಳಿಸಬಾರದಂತ ನಿನ್ನ ಅಂಗಡಿಂದ ಫೋನ್ ಹಚ್ಚಿ, ಸಂಗೀತದ ಬಗ್ಗೆ ಅಷ್ಟ ಮಾತಾಡ್ತೇನಿ."

"ಮತ್ತೆ ದುಡ್ಡು ಯಾಕೆ ಕೊಡ್ತೀರಿ?"

ನನ್ನಂಥ ವ್ಯಾಪಾರಸ್ಥಳಿಗೆ ಇದೂ ತಿಳಿಯುವುದಿಲ್ಲವೇ ಎನ್ನುವಂತೆ ಅವರು ನನ್ನನ್ನು ನೋಡಿದರು. "ಆ ಸೂಟಿನಾಂವ ಕ್ಯಾಮೆರಾ ಮುಂದ ನಿಂತು ಮಾತು ಕೊಡ್ತಾನಲ್ಲ. ಗುರಿ ಮುಟ್ಟಿದ ಕೂಡ್ಲೆ ನಿಮ್ಮ ಇಷ್ಟದ ಕಾರ್ಯಕ್ರಮಕ್ಕ ವಾಪಸ್ ಹೋಗ್ತೇವಿ ಅಂತ. ಲಗೂನ ಮುಟ್ಟಲಿ ಅಂತ ಕೊಡ್ತೇನಿ."

"ಯಾವಾಗ ಫೋನ್ ಮಾಡ್ತೀರಿ?"

"ಹೊಗಿಯಪ್ಪ ಬಾರ್ಸಾಕತ್ತಾಗನ. ಅಂವನ್ನ ಎಬ್ಬಿಸಬೇಕಲ್ಲ."

ನನಗೆ ಅಲ್ಲೇ ತಲೆ ಬಿಸಿಯಾಯಿತು. ನನ್ನ ಅಂಗಡಿಯಲ್ಲಿ ಯಾವ ಮಾಲು ಯಾವ ಕಪಾಟಿನಿಂದ ಖರ್ಚಾಯಿತು ಎಂದು ನಾನು ನೋಡುವುದಿಲ್ಲವೇ? ಬಾಗಿಲ ಬಳಿ ಇಟ್ಟ ಬಿಸ್ಕತ್ತು ಖಾಲಿಯಾದರೆ ಮರುವಾರ ಅದನ್ನೇ ಎರಡು ಸಾಲು ಇಡುತ್ತೇನೆ. ಕೊಂಡವರು ಅದನ್ನು ತಿಂದರೋ, ಬೀದಿಗೆ ಎಸೆದರೋ ನನಗೇನು ಗೊತ್ತು?

"ಕಾಕಾ, ಆ ದುಡ್ಡು ಯಾರ ಲೆಕ್ಕಕ್ಕೆ ಬೀಳತ್ತೆ ಅಂತ ಕೇಳಿದೀರಾ?"

ಜೀವಮಾನವೆಲ್ಲ ತಪಾಸಣೆ ಮಾಡಿದ ಮನುಷ್ಯ ಆ ಒಂದು ಪ್ರಶ್ನೆ ಕೇಳಿರಲಿಲ್ಲ.

ಎರಡು ದಿನ ಬಿಟ್ಟು ಕಾಕು ಬಳಿ ಮಗಳನ್ನು ಕೂರಿಸಿ, ಕಾಕಾರನ್ನು ನನ್ನ ವ್ಯಾನಿನಲ್ಲಿ ಆ ಟೀವಿ ಕಚೇರಿಗೆ ಕರೆದೊಯ್ದೆ. ದಾರಿಯುದ್ದಕ್ಕೂ ಅವರಿಗೆ ಅನುಮಾನವೇ. ಫ್ರೀವೇಯಲ್ಲಿ ದುಡ್ಡು ಕೊಟ್ಟು ಬೇಗ ಹೋಗುವ ಲೇನಿನ ಬೋರ್ಡಿನಲ್ಲಿ ದರ ಬದಲಾದದ್ದು ಕಂಡು, "ಒಳಗ ಕುಂತು ಯಾರು ತಿರುವ್ತಾರ ಇದನ್ನ?" ಎಂದರು. ಚಂದಾದಾರರನ್ನು ನೋಡಿಕೊಳ್ಳುವ ಹುಡುಗಿ ನಮ್ಮನ್ನು ಸಣ್ಣ ಕೋಣೆಯಲ್ಲಿ ಕೂರಿಸಿದಳು. ಮೂಗಿಗೆ ಬೊಟ್ಟಿನಂಥ ಮೂಗುತಿ, ಮೈಮೇಲೆ ಅದೇ ಚಾನೆಲ್ಲಿನ ಅಂಗಿ. ಇಂಗ್ಲಿಷಿನಲ್ಲಿ ನಡೆದ ಮಾತನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ.

ಕಾಕಾರ ಹೆಸರು ಕಂಪ್ಯೂಟರಿನಲ್ಲಿ ನೋಡಿ ಅವಳ ಮುಖ ಅರಳಿತು. "ಓ, ನೀವಾ! ನಮ್ಮ ಪಿಟೀಲು ವಾದಕರ ದೊಡ್ಡ ಅಭಿಮಾನಿಗಳು ನೀವು. ಪ್ರತಿ ಸಲವೂ ಅವರ ಹೊತ್ತಿನಲ್ಲೇ ಫೋನ್ ಮಾಡಿದೀರಿ. ನಿಮ್ಮ ಭಾಗದಿಂದ ಅವರಿಗೆ ಇಷ್ಟು ಬೆಂಬಲ ಇರೋದ್ರಿಂದಾನೇ ಈ ಸಲ ಸಂಜೆ ನಾಲ್ಕಕ್ಕೆ ದಿನಾ ಅವರನ್ನೇ ಹಾಕಿದೀವಿ."

ಕಾಕಾ ನನ್ನ ಕಡೆ ತಿರುಗಿ ಕನ್ನಡದಲ್ಲಿ, ಮೆಲ್ಲಗೆ, "ನಾನ ತಂದು ಕೂಡಿಸಿದೆನೇನು ಅಂವನ್ನ?" ಎಂದರು.

ನಾನು ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡೆ.

ಅವರು ಸಾವರಿಸಿಕೊಂಡು ಮತ್ತೆ ಇಂಗ್ಲಿಷಿಗೆ ಇಳಿದರು. "ಮೇಡಂ, ಆ ವಾದ್ಯದ ವೈರಿನ ಬಗ್ಗೆ ನಾನು ಹಿಂದೆಯೂ..." ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ. ಅವರು ನಿಲ್ಲಿಸಲಿಲ್ಲ. ಕೆಂಪು ಶಾಲಿನ ಹೆಂಗಸಿನವರೆಗೆ ಬಂದಾಗ ಅವಳ ತುಟಿಯಲ್ಲಿ ನಗು ಕಂಡಿತು. ಫೋನಿನಲ್ಲಿ ಬರೆಸಿದ ದೂರುಗಳನ್ನು, ಅವುಗಳ ಜೊತೆ ಕಾಕಾ ಕಳಿಸುತ್ತಿದ್ದ ಪತ್ರಗಳನ್ನು ಇವರೆಲ್ಲ ಓದಿಕೊಂಡು ನಕ್ಕಿದ್ದಾರೆ ಎಂದು ನನಗೆ ಖಚಿತವಾಯಿತು. ನಾನು ಕೈ ಅಡ್ಡ ಹಿಡಿದು ಹೇಳಿಬಿಟ್ಟೆ. ಕಾಕುವಿನ ವಿಷಯ, ರೈಲು ನಿಲ್ದಾಣ, ಬಾಗಿಲಿಗೆ ಅಡ್ಡ ಇಟ್ಟ ಕುರ್ಚಿ, ಕಾಯುತ್ತಿರುವ ಹೋಮು, ಎಲ್ಲ.

"ಮನಿ ಮಾತು ಯಾಕ ತಗದಿ ತಂಗಿ," ಎಂದರು ಕಾಕಾ.

ಹುಡುಗಿ ಪೆನ್ನು ಕೆಳಗಿಟ್ಟಳು. ಕೌಂಟಿಗೆ ಫೋನ್ ಮಾಡಲಿಲ್ಲ. "ನೀವು ಇದನ್ನು ಮೊದಲೇ ಹೇಳಬಹುದಿತ್ತಲ್ಲ ಸರ್," ಎಂದಳು. "ನನ್ನ ಅಜ್ಜಿಯೂ ಹಾಗೇ ಇದ್ದರು."

ಕರುಣೆ ಕಂಡಾಗ ಅಲ್ಲಿಗೇ ನಿಲ್ಲಬಾರದು, ವ್ಯವಹಾರಕ್ಕೆ ತರಬೇಕು. ಹಾಗಾದರೆ ನಾಲ್ಕು ಗಂಟೆಗೆ ಆ ಅಜ್ಜಿಯನ್ನು ವಾಪಸ್ ಹಾಕಿ ಎಂದೆ. ಆಗ ಇನ್ನೊಂದು ಬಾಂಬು ಬಿತ್ತು. ಕೌದಿಯ ಕಾರ್ಯಕ್ರಮಕ್ಕೆ ಯಾರೂ ಒಂದು ಕಾಸೂ ಚಂದಾ ಕೊಟ್ಟಿಲ್ಲವಂತೆ, ಮುಂದಿನ ಜುಲೈಯಿಂದ ಅದನ್ನು ಪೂರ್ತಿ ನಿಲ್ಲಿಸುವ ಯೋಚನೆ ಇದೆಯಂತೆ.

"ಡ್ರೈವಿನಲ್ಲಿ ಆಕೆಯನ್ನು ತೋರಿಸದೇ ಇದ್ದರೆ ಯಾರು ಯಾವಾಗ ಕೊಡಬೇಕು?" ಎಂದೆ. "ಅಂಗಡಿಯಲ್ಲಿ ಇಡದ ಸಾಮಾನು ಖರ್ಚಾಗಲಿಲ್ಲ ಅಂದಂಗಾಯ್ತು. ಒಂದು ವಾರ ಕೊಡಿ, ನೋಡೋಣ."

"ವಾರ ಸಾಧ್ಯವಿಲ್ಲ."

"ಮೂರು ದಿನ."

ಅವಳು ಎದ್ದು ಒಳಗೆ ಹೋಗಿ ಯಾರನ್ನೋ ಕೇಳಿ ಬಂದಳು. ಒಂದು ದಿನ, ಅರ್ಧ ಗಂಟೆ, ಬರುವ ಗುರುವಾರ. ಫೋನು ಬಂದರೆ ಕಾರ್ಯಕ್ರಮ ಉಳಿಯಬಹುದು, ಬಾರದಿದ್ದರೆ ಇಲ್ಲ. ಇನ್ನೂ ಎಳೆಯಬಹುದಿತ್ತು. ಆದರೆ ಕಾಕಾ ಅಷ್ಟರಲ್ಲಿ ಎದ್ದು ನಿಂತು ಅವಳಿಗೆ ಕೈ ಮುಗಿದುಬಿಟ್ಟರು. ಮುಗಿದ ಕೈ ಮುಂದಿಟ್ಟುಕೊಂಡು ಬೆಲೆ ಏರಿಸಲಾಗುವುದಿಲ್ಲ.

ಗುರುವಾರದವರೆಗೆ ಬಿಲ್ಲು ಮಾಡಿಸಲು ಬಂದ ಪ್ರತಿಯೊಬ್ಬರಿಗೂ ಹೇಳಿದೆ. ನಾಲ್ಕರಿಂದ ನಾಲ್ಕೂವರೆಯೊಳಗೆ ಫೋನ್ ಮಾಡಿ, ಕೌದಿಗೇ ಎಂದು ಹೇಳಿ ಕೊಡಿ, ಎಷ್ಟಾದರೂ ಸರಿ. ಫೋನ್ ಮಾಡಿದವರಿಗೆ ಕೊತ್ತಂಬರಿ ಕಟ್ಟು ಪುಕ್ಕಟೆ ಎಂದೆ. ಎಲ್ಲರೂ ಆಯ್ತಕ್ಕ ಎಂದರು. ಮಂಗಳೂರಿನ ಹುಡುಗನಂತೂ, "ಆಫೀಸಲ್ಲಿ ಎಲ್ಲರ ಹತ್ತಿರ ಮಾಡಿಸ್ತೇನೆ ಅಕ್ಕ, ಕೊತ್ತಂಬರಿ ಬುಟ್ಟಿಯೇ ಇಟ್ಟಿರಿ," ಎಂದ. ಆಯ್ತು ಎನ್ನುವವರನ್ನು ನಾನು ಎಷ್ಟು ನಂಬುತ್ತೇನೆ ಎಂದು ನಿಮಗೆ ಈ ಹೊತ್ತಿಗೆ ತಿಳಿದಿರಬೇಕು. ಅದಕ್ಕೇ ಗುರುವಾರ ನಾಲ್ಕಕ್ಕೆ ಕಾಕಾರ ಮನೆಯ ಅಡುಗೆಕೋಣೆಯಲ್ಲಿ ನಿಂತು ನಾನೇ ಮೊದಲು ಫೋನ್ ಮಾಡಿದೆ. ಆ ಮುನ್ನೂರ ಅರವತ್ತು ಹೋದದ್ದು ಆಗ. ಕೌದಿಗೆ ಕೊಟ್ಟ ದುಡ್ಡಿಗೆ ಹೊಗಿಯಪ್ಪನ ಸಿ.ಡಿ. ಯಾಕೆ ಬಂತು ಎಂದರೆ, ಆ ಮೊತ್ತಕ್ಕೆ ಅವರ ಬಳಿ ಇದ್ದದ್ದು ಅದೊಂದೇ ಉಡುಗೊರೆ.

ಕಾಕು ಮುಖ ತೊಳೆದು ಬಂದು ಗುಂಡಿ ಒತ್ತಿದರು. ಕಾಕಾ ಬಾಗಿಲ ಬಳಿಯ ಕುರ್ಚಿಯ ಮೇಲೆ, ಬೆನ್ನು ನೆಟ್ಟಗೆ. ಬಿಳಿ ಕೂದಲಿನ ಮುಖ ಕಾಣಿಸಿತು.

"ಬಂದ್ಲು ನೋಡ್ರಿ," ಎಂದು ಕಾಕು ಕೂತರು. "ಎಲ್ಲಿ ಹೋಗಿದ್ದೆವಾ ಇಷ್ಟ್ ದಿನ? ಮಗಳ ಬಾಣಂತನಕ್ಕೇನು?" ಅಜ್ಜಿ ಹಸಿರು ತುಂಡಿನ ಪಕ್ಕ ಕಂದು ತುಂಡು ಇಟ್ಟರು. "ಅದಲ್ಲ, ಕೆಂಪು ಹಚ್ಚು. ಕಂದು ಒಗದ ಮ್ಯಾಲ ಮಣ್ಣಾಗತೈತಿ."

ನಡುವೆ ಸೂಟಿನವನು ಬಂದ. ಕಾಕಾ ಕುರ್ಚಿಯ ಕೈ ಹಿಡಿದರು. ಕಾಕು ಅವನನ್ನು ಕ್ಷಣ ನೋಡಿ, "ಸ್ವಲ್ಪ ಸುಮ್ಮ ಕೂಡ್ರೋ ತಮ್ಮಾ, ಹೆಣ್ಮಕ್ಕಳು ಮಾತಾಡಾಕತ್ತೇವಿ," ಎಂದರು. ಎದೆ ಮುಚ್ಚಿಕೊಂಡಿದ್ದಕ್ಕೋ ಏನೋ, ಅವನ ಮೇಲೆ ಸಿಟ್ಟು ಮಾಡಲಿಲ್ಲ. ಅವನ ಹಿಂದೆ ಸಾಲಾಗಿ ಕೂತವರು ಫೋನ್ ಎತ್ತುತ್ತಿದ್ದರು. ಕಾಕಾ ಎದ್ದು ಟೀವಿಯ ಹತ್ತಿರ ಬಂದು ಬಗ್ಗಿ ನೋಡಿದರು.

"ಖರೇನ ಮಾತಾಡಾಕತ್ತಾರೇನು, ಇಲ್ಲಾ ಸುಮ್ನ ಹಿಡಕೊಂಡಾರೇನು?"

"ಆ ಮೂಲೆಯವಳು ಬರೀತಿದಾಳೆ ಕಾಕಾ."

"ಬರ್ಯಾಕತ್ತಾಳ," ಎಂದು ಒಪ್ಪಿಕೊಂಡರು.

ಕಾರ್ಯಕ್ರಮ ಉಳಿಯಿತು. ಅಷ್ಟೇ ಅಲ್ಲ, ಅದಾದ ಮೇಲೆ ಡ್ರೈವಿನ ವಾರಗಳಲ್ಲೂ ನಾಲ್ಕು ಗಂಟೆಯನ್ನು ಯಾರೂ ಮುಟ್ಟಲಿಲ್ಲ. ಹೊಗಿಯಪ್ಪ ಏಳು ಗಂಟೆಗೆ ಹೋದ. ಅದು ನಮ್ಮ ಫೋನುಗಳಿಂದಲೋ, ಆ ಹುಡುಗಿ ಒಳಗೆ ಯಾರಿಗೋ ಹೇಳಿದ್ದರಿಂದಲೋ, ನನಗೆ ಇವತ್ತಿಗೂ ಅನುಮಾನವಿದೆ. ಕೊತ್ತಂಬರಿ ಒಯ್ದವರೆಲ್ಲ ಫೋನ್ ಮಾಡಿದ್ದರು ಎಂದು ನಾನಂತೂ ಪ್ರಮಾಣ ಮಾಡಲಾರೆ. ಕಾಕಾ ಥ್ಯಾಂಕ್ಸ್ ಹೇಳುವವರಲ್ಲ. ಮುಂದಿನ ಸಲ ಬಂದಾಗ ತಕ್ಕಡಿಯ ಕೆಳಗೆ ನೋಡಲಿಲ್ಲ, ಅಷ್ಟೇ. ಅದರ ಮುಂದಿನ ಸಲದಿಂದ ಮತ್ತೆ ನೋಡಿದರು.

ಆಮೇಲೆ ಎರಡು ವರ್ಷ ಕಾಕು ಮನೆಯಲ್ಲೇ ಇದ್ದರು. ಬಾಗಿಲ ಬಳಿಯ ಕುರ್ಚಿ ಟೀವಿಯ ಮುಂದೆ, ಕಾಕುವಿನ ಕುರ್ಚಿಯ ಪಕ್ಕಕ್ಕೆ ಬಂತು. ಕಾಕಾರಿಗೂ ಕೌದಿಯ ಬಗ್ಗೆ ಅಭಿಪ್ರಾಯಗಳು ಹುಟ್ಟಿಕೊಂಡವು. ಆ ಅಜ್ಜಿ ಹಿಂದಿನ ದಿನವೇ ಹೊಲಿದಿಟ್ಟುಕೊಂಡು ನಮ್ಮ ಮುಂದೆ ಈಗ ಹೊಲಿದಂತೆ ತೋರಿಸುತ್ತಾರೆ ಎನ್ನುವುದು ಅದರಲ್ಲೊಂದು. ಕಾಕುವಿನ ಎದುರಿಗೆ ಮಾತ್ರ ಅದನ್ನು ಆಡಲಿಲ್ಲ.

ಏಪ್ರಿಲಿನಲ್ಲಿ ಕಾಕಾ ಎರಡೇ ದಿನ ಆಸ್ಪತ್ರೆಯಲ್ಲಿದ್ದು ಹೋದರು. ಮಗಳು ಹೋಮಿನ ಪಟ್ಟಿಯಿಂದ ಅಮ್ಮನ ಹೆಸರು ತೆಗೆಸಿ, ಆ ದಪ್ಪ ಬೆನ್ನಿನ ಟೀವಿ ಸಮೇತ ಅವರನ್ನು ಡ್ಯಾನ್‌ವಿಲ್‌ಗೆ ಕರೆದೊಯ್ದಳು. ಹೋದ ವಾರ ನೋಡಿ ಬಂದೆ. ನಾಲ್ಕಕ್ಕೆ ಕಾಕು ಗುಂಡಿ ಒತ್ತಿದರು, ಆಕೆ ಬಂದಳು. ಪಕ್ಕದ ಖಾಲಿ ಕುರ್ಚಿಯ ಮೇಲೆ ಕೈಯಿಟ್ಟು ಕಾಕು ಆಕೆಗೆ ಹೇಳಿದರು, "ನಮ್ಮನಿಯವರು ಹೊರಗ ಹೋಗ್ಯಾರವಾ. ಯಾರಿಗೋ ಫೋನ್ ಹಚ್ಚಿ ಬೈಯಾಕ." ಮಗಳು ಅಡುಗೆಕೋಣೆಗೆ ಹೋಗಿ ನಲ್ಲಿ ಬಿಟ್ಟಳು.

ಇಷ್ಟು ಓದಿದ ಮೇಲೆ ಕೆಲವು ಮಾತು ಕೇಳಿಸಿಕೊಳ್ಳಿ. ಯಾರಿಗಾದರೂ ಚಂದಾ ಕೊಡುವಾಗ ಅದು ಯಾವ ಹೆಸರಿಗೆ ಜಮಾ ಆಗುತ್ತದೆ ಎಂದು ಕೇಳಿ ಕೊಡಿ. ನಿಮಗೆ ಬೇಡವಾದವನು ಎದುರಿಗಿದ್ದಾಗ ಕೈ ಜೇಬಿಗೆ ಹೋಗಬಾರದು. ಬೇಕಾದವರು ಬರುವವರೆಗೆ ಕಾಯಿರಿ, ಬಂದಾಗ ಅವರ ಹೆಸರು ಹೇಳಿ ಕೊಡಿ. ಉಡುಗೊರೆ ಬೇಡವೆಂದರೆ ಪೂರ್ತಿ ದುಡ್ಡು ಕಾರ್ಯಕ್ರಮಕ್ಕೇ ಹೋಗುತ್ತದೆ, ಇದನ್ನು ಅವರಾಗಿ ಹೇಳುವುದಿಲ್ಲ, ನೀವೇ ಕೇಳಬೇಕು. ದೂರು ಹೇಳುವುದಿದ್ದರೆ ಪತ್ರ ಬೇಡ, ನೇರ ಹೋಗಿ, ಜೊತೆಗೆ ಸಂಕೋಚವಿಲ್ಲದ ಒಬ್ಬರನ್ನು ಕರೆದುಕೊಂಡು ಹೋಗಿ. ಮನೆಯಲ್ಲಿ ಮರೆವಿನವರು ಇದ್ದರೆ, ಕಚೇರಿಯಲ್ಲಿ ಎದುರಿಗೆ ಕೂತವರ ಹೆಸರು ಕೇಳಿ, ಮೊದಲ ಮಾತಿಗೇ ಅದನ್ನು ಹೇಳಿ: ನನ್ನ ಹೆಂಡತಿಗೆ ಹೀಗಾಗಿದೆ, ಇಷ್ಟು ಗಂಟೆಗೆ ಕಾಯುತ್ತಾಳೆ, ಅವಳನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕೆಂದಿದ್ದೇನೆ. ಸಂಗೀತ ಹೇಗಿತ್ತು ಎನ್ನುವುದನ್ನು ಅವರು ಕೇಳಿದರೆ ಮಾತ್ರ ಹೇಳಿ.